ಕರಿ ಕೋಟಿನೊಳಗಿನ ಬಿಳಿ ಅಂಗಿ

ಬೇಸಿಗೆಯಲ್ಲಿ ದೆಹಲಿಯ ವಕೀಲ ಎಷ್ಟು ಬೆವರಿದ್ದಾನೆ ಎನ್ನುವುದನ್ನು ಅವನ ಬಟ್ಟೆಯೇ ಹೇಳುತ್ತದೆ. ಕರಿ ಕೋಟಿನ ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ, ಬಿಳಿ ಅಂಗಿಯ ಕಾಲರಿನಲ್ಲಿ, ಕಂಕುಳಲ್ಲಿ ಹಳದಿ ಕಲೆ. ತೀಸ್ ಹಜಾರಿಯಿಂದ ಸಾಕೇತ್‌ವರೆಗೆ ಯಾವ ಕೋರ್ಟಿಗೆ ಹೋದರೂ ಏಪ್ರಿಲ್ ಕೊನೆಯ ಹೊತ್ತಿಗೆ ಇದೇ ನೋಟ. ದಾವಣಗೆರೆಯಿಂದ ಬಂದು ಹನ್ನೆರಡು ಬೇಸಿಗೆ ಇಲ್ಲಿ ಕಳೆದಿದ್ದೇನೆ. ಕೋಟಿಗೆ ಹೇಗೋ ಡ್ರೈಕ್ಲೀನ್ ಇದೆ. ಅಂಗಿಯದೇ ಸಮಸ್ಯೆ.

ಕೋಟು ತೆಗೆದಿಡಬಾರದೇ ಎಂದು ಊರಿನವರು ಕೇಳುತ್ತಾರೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಕೆಳಗಿನ ಕೋರ್ಟುಗಳಲ್ಲಿ ಬೇಸಿಗೆಗೆ ಕರಿ ಕೋಟು ಕಡ್ಡಾಯವಲ್ಲ, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನಲ್ಲಿ ಆ ವಿನಾಯಿತಿ ಇಲ್ಲ. ವಿನಾಯಿತಿ ಕೇಳಿ ಸುಪ್ರೀಂ ಕೋರ್ಟಿಗೇ ಅರ್ಜಿ ಹಾಕಿದವರೂ ಇದ್ದಾರೆ. ಬಾರ್ ಕೌನ್ಸಿಲಿಗೆ ಹೋಗಿ ಕೇಳಿ ಎಂಬ ಉತ್ತರ ಬಂತು. ಕೋಟು ತೆಗೆದರೆ ಇನ್ನೊಂದು ತೊಂದರೆ: ಒಳಗಿನ ಅಂಗಿಯ ಬಣ್ಣ ಎಲ್ಲರಿಗೂ ಕಾಣುತ್ತದೆ! 2024ರ ಮೇ 29ರಂದು ಸಫ್ದರ್‌ಜಂಗ್‌ನಲ್ಲಿ 46.8 ಡಿಗ್ರಿ ದಾಖಲಾಯಿತಲ್ಲ, ಅಂಥ ದಿನಗಳಲ್ಲಿ ಬಿಳಿ ಅಂಗಿ ಶೋಕಿಯಲ್ಲ. ಬಿಸಿಲನ್ನು ಹಿಂದಕ್ಕೆ ಕಳಿಸುವ, ಬೆವರು ಹೀರುವ ಬಟ್ಟೆ ಮೈಮೇಲೆ ಅದೊಂದೇ. ಮರುಭೂಮಿಯ ಬೆಡೂಯಿನ್ ಜನ ಕರಿ ನಿಲುವಂಗಿ ತೊಟ್ಟೇ ಬದುಕುತ್ತಾರೆ ಎಂದು ವಾದ ಹೂಡುವವರು ಸಿಗುತ್ತಾರೆ, ನಮ್ಮವರು ವಾದಕ್ಕೆ ಹೇಸುವವರಲ್ಲ. ಆದರೆ ಆ ನಿಲುವಂಗಿ ಸಡಿಲ, ಒಳಗೆ ಗಾಳಿ ಆಡುತ್ತದೆ. ನಮ್ಮ ಕೋಟು ಹಾಗಲ್ಲ.

ಹೋದ ವರ್ಷ ನಮ್ಮ ಚೇಂಬರಿಗೆ ರಾಯಚೂರಿನ ಹುಡುಗನೊಬ್ಬ ಜೂನಿಯರ್ ಆಗಿ ಬಂದ. ಬಿಸಿಲು ಅವನಿಗೆ ಹೊಸದಲ್ಲ. ಇದ್ದದ್ದು ಮೂರೇ ಬಿಳಿ ಅಂಗಿ. ಜೂನಿಯರಿಗೆ ಸಿಗುವ ದುಡ್ಡು ಎಷ್ಟೆಂದು ಈ ವೃತ್ತಿಯವರಿಗೆ ಗೊತ್ತು. ಕೋಣೆ ಬಾಡಿಗೆ, ಮೆಟ್ರೊ, ಊಟ ಕಳೆದರೆ ನಾಲ್ಕನೇ ಅಂಗಿಯ ಮಾತೇ ಇಲ್ಲ. ಮೇ ತಿಂಗಳಲ್ಲಿ ಮೂರೂ ಹಳದಿಯಾದವು. “ವಾರಕ್ಕ ಎರಡ್ ಸಲ ಬ್ಲೀಚ್ ಹಾಕ್ತೀನ್ರೀ ಸರ್, ಹಳದಿ ಹೋಗವಲ್ದು, ಹೆಚ್ಚಾಗಾಕತ್ತೇತಿ” ಅಂದ. ಅಷ್ಟರಲ್ಲಿ ಒಬ್ಬ ಕಕ್ಷಿದಾರ ಅವನ ಕಾಲರ್ ನೋಡಿ, “ದೊಡ್ಡ ವಕೀಲರು ಬರುವುದಿಲ್ಲವಾ?” ಎಂದು ಕೇಳಿದ್ದ. ವಯಸ್ಸಿನ ಕಾರಣಕ್ಕೂ ಕೇಳಿರಬಹುದು, ಹುಡುಗ ಮಾತ್ರ ಕಾಲರಿನ ಕಾರಣಕ್ಕೇ ಎಂದುಕೊಂಡ.

ಅವನು ಹೇಳಿದ್ದು ನಿಜ, ಬ್ಲೀಚಿನಿಂದಲೇ ಹಳದಿ ಹೆಚ್ಚುತ್ತಿತ್ತು. ಬೆವರಿಗೆ ಹೆಚ್ಚುಕಡಿಮೆ ಬಣ್ಣವಿಲ್ಲ. ಮೈಯ ಎಣ್ಣೆ ಅಂಶ ನೂಲಿನಲ್ಲಿ ಉಳಿದು, ಗಾಳಿ ತಾಗಿ ಹಳದಿಯಾಗುತ್ತದೆ. ಬೆವರು ತಡೆಯುವ ರೋಲಾನ್‌ಗಳಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನ ಜೊತೆ ಸೇರಿ ಕಂಕುಳಿನ ಬಟ್ಟೆಯನ್ನು ಗಟ್ಟಿ ಮಾಡುತ್ತದೆ. ಇದರ ಮೇಲೆ ಕ್ಲೋರಿನ್ ಬ್ಲೀಚ್ ಸುರಿದರೆ ಕಲೆ ಇನ್ನೂ ಗಾಢವಾಗುವುದುಂಟು. ನೀರಿನಲ್ಲಿ ಕಬ್ಬಿಣದ ಅಂಶವಿದ್ದರಂತೂ ಅದು ತುಕ್ಕಿನ ಬಣ್ಣವಾಗಿ ಇಡೀ ಬಟ್ಟೆಗೆ ಹಿಡಿಯುತ್ತದೆ. ಪಾಲಿಯೆಸ್ಟರ್ ಬೆರೆತ ಅಂಗಿ ಎಣ್ಣೆಯನ್ನು ಬಿಡುವುದೇ ಇಲ್ಲ, ಇಸ್ತ್ರಿ ಕೆಡುವುದಿಲ್ಲ ಎಂದು ನಾವು ಕೊಳ್ಳುವುದು ಅದನ್ನೇ.

ಹುಡುಗ ಇದ್ದದ್ದು ಮುನಿರ್ಕಾದ ಬಾಡಿಗೆ ಕೋಣೆಯಲ್ಲಿ. ಕಟ್ಟಡಕ್ಕೆ ಬೋರ್‌ವೆಲ್ ನೀರು. ಒಂದು ಬಕೆಟ್ ನೀರು ಹಿಡಿದು ರಾತ್ರಿಯಿಡೀ ಅಲ್ಲಾಡಿಸದೆ ಇಡು ಎಂದೆ. ಬೆಳಿಗ್ಗೆ ತಳದಲ್ಲಿ ಕೆಂಚು ಗಸಿ ನಿಂತಿತ್ತು. ಗಡಸು ನೀರು ನೋಡುವುದು ಇನ್ನೂ ಸುಲಭ. ಒಂದು ಬಾಟಲಿಗೆ ಕುಡಿಯುವ ನೀರು, ಇನ್ನೊಂದಕ್ಕೆ ನಲ್ಲಿ ನೀರು, ಎರಡಕ್ಕೂ ಒಂದೊಂದು ಚೂರು ಸೋಪು ಹಾಕಿ ಕುಲುಕಬೇಕು. ಒಂದರಲ್ಲಿ ನೊರೆ ಏಳುತ್ತದೆ, ಇನ್ನೊಂದರಲ್ಲಿ ಮೊಸರು ಒಡೆದಂತೆ ಬಿಳಿ ಚೂರು ತೇಲುತ್ತದೆ. ಆ ಚೂರೇ ಬಟ್ಟೆಗೆ ಅಂಟಿ ಮಾಸಲು ಮಾಡುವುದು. ಹೈದರಾಬಾದ್, ಚೆನ್ನೈ, ಎಲ್ಲಿದ್ದರೂ ನೀವು ಇದನ್ನು ಮಾಡಿ ನೋಡಬಹುದು. ಹೊಸ ಊರಿಗೆ ಬಂದವರು ಸೋಪು ಬದಲಿಸುತ್ತಾ ಹೋಗುತ್ತಾರೆ, ನೀರನ್ನು ಯಾರೂ ನೋಡುವುದಿಲ್ಲ.

ನಮ್ಮ ಅಮ್ಮನಿಗೆ ಇದು ಮೊದಲೇ ಗೊತ್ತಿತ್ತು. ಫೋನಿನಲ್ಲಿ ಅಂಗಿಯ ಕಥೆ ಹೇಳಿದರೆ, “ಎಂಥ ನೀರಪ್ಪಾ ಅದು? ಬೇಳೆ ಬೇಯ್ತದಾ?” ಎಂದಷ್ಟೇ ಕೇಳಿದರು. ಬೇಳೆ ಬೇಯದ ನೀರಿನಲ್ಲಿ ಬಟ್ಟೆಯೂ ಬೆಳ್ಳಗಾಗುವುದಿಲ್ಲ ಎನ್ನುವುದು ಅವರ ಲೆಕ್ಕ. ಹಿಂದೆ ಮಡಿವಾಳರು ಬಟ್ಟೆಗೆ ಚೌಳು ಮಣ್ಣಿನ ನೀರು ಕುಡಿಸಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಹರಿಯುವ ನೀರಿನಲ್ಲಿ ಒಗೆದು, ಬಿಸಿಲಿಗೆ ಹರವುತ್ತಿದ್ದರು. ಕ್ಷಾರ, ಬಿಸಿ, ಧಾರಾಳ ನೀರು, ಬಿಸಿಲು. ಹತ್ತಡಿ ಕೋಣೆಯಲ್ಲಿ ಉಬ್ಬೆ ಆಗದ ಮಾತು, ಆದರೆ ಅದೇ ದಾರಿಯನ್ನು ಬಕೆಟ್ಟಿಗೆ ಇಳಿಸಬಹುದು.

ನಾವು ಮಾಡಿದ್ದು ಹೀಗೆ. ಕೋರ್ಟಿನಿಂದ ಬಂದ ರಾತ್ರಿಯೇ ಅಂಗಿ ನೀರಿಗೆ ಬೀಳಬೇಕು, ಭಾನುವಾರದವರೆಗೆ ಮೂಲೆಯಲ್ಲಿ ಗುಡ್ಡೆ ಹಾಕುವಂತಿಲ್ಲ. ಒಗೆಯುವ ಮೊದಲು ಕಾಲರಿಗೆ, ಕಂಕುಳಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಬೆರಳಲ್ಲೇ ತಿಕ್ಕುವುದು, ಅದು ಎಣ್ಣೆ ಬಿಡಿಸುತ್ತದೆ. ಹತ್ತು ದಿನಕ್ಕೊಮ್ಮೆ ಆಕ್ಸಿಜನ್ ಬ್ಲೀಚ್, ಅಂದರೆ ಸೋಡಿಯಂ ಪರ್‌ಕಾರ್ಬೋನೇಟ್ ಪುಡಿ. ಕೈ ತಡೆಯುವಷ್ಟು ಬಿಸಿ ನೀರಿಗೆ ಪೊಟ್ಟಣದ ಮೇಲೆ ಹೇಳಿದಷ್ಟೇ ಹಾಕಿ ಎರಡು ಮೂರು ಗಂಟೆ ನೆನೆಸಬೇಕು. ತಣ್ಣೀರಿನಲ್ಲಿ ಅದು ಸೋಮಾರಿ. ಚೆನ್ನಾಗಿ ಜಾಲಿಸಿದ ಮೇಲೆ ಕೊನೆಯ ನೀರಿಗೆ ನಿಂಬೆಹುಳಿ ಪುಡಿ ಒಂದು ಚಮಚ. ಗಡಸು ನೀರಿನ ಸುಣ್ಣವನ್ನೂ ಕಬ್ಬಿಣದ ಕೆಂಪನ್ನೂ ಹುಳಿ ಬಿಡಿಸುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಿ: ಕ್ಲೋರಿನ್ ಬ್ಲೀಚಿನ ಜೊತೆ ಹುಳಿ, ವಿನೆಗರ್ ಯಾವುದನ್ನೂ ಬೆರೆಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಪಿ.ಜಿ.ಯ ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು.

ಆರ್‌ಓ ಯಂತ್ರದಿಂದ ಹೊರಬೀಳುವ ನೀರನ್ನು ಹಿಡಿದಿಟ್ಟು ಬಟ್ಟೆಗೆ ಬಳಸುವುದು ಇಲ್ಲಿ ಬಹಳ ಮನೆಗಳಲ್ಲಿದೆ. ನೀರು ಉಳಿಸುವ ಬುದ್ಧಿ ಒಳ್ಳೆಯದೇ. ಆದರೆ ಶುದ್ಧ ನೀರು ಬಿಟ್ಟುಹೋದ ಲವಣವೆಲ್ಲ ಅದರಲ್ಲೇ ಇರುತ್ತದೆ. ನೆಲ ಒರೆಸಿ, ಬಿಳಿ ಅಂಗಿಗೆ ಬೇಡ.

ನೀಲಿಯ ಬಗ್ಗೆ ಜೂನಿಯರ್‌ಗಳಿಗೆ ತಾತ್ಸಾರ, ಅಜ್ಜಿ ಕಾಲದ್ದು ಎಂದು. ನೀಲಿ ಕೊಳೆ ತೆಗೆಯುವುದಿಲ್ಲ ಎನ್ನುವುದು ಸರಿ, ಹಳದಿಯನ್ನು ಕಣ್ಣಿಗೆ ಮರೆಸುತ್ತದೆ. ಈಗಿನ ಡಿಟರ್ಜೆಂಟುಗಳಲ್ಲಿ ಬೆಳಗುವ ರಾಸಾಯನಿಕವಿರುತ್ತದೆ, ಅದೂ ಬಿಸಿಲಿನ ಕಾಣದ ಕಿರಣವನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ಹೊಸ ಹೆಸರಿನ ಅದೇ ಉಪಾಯ. ನೀಲಿಯನ್ನು ಮೊದಲು ಮಗ್ಗಿನಲ್ಲಿ ಕದಡಿ, ಆಮೇಲೆ ಬಕೆಟ್ಟಿಗೆ ಹಾಕಿ. ನೇರ ಸುರಿದರೆ ಬೆನ್ನ ಮೇಲೆ ನಕಾಶೆ ಮೂಡುತ್ತದೆ.

ಒಣಗಿಸುವಾಗ ಅಂಗಿಯನ್ನು ಒಳಮಗ್ಗಲು ಮಾಡಿ ಹಾಕುವುದು ಒಳ್ಳೆಯದು. ದೆಹಲಿಯಲ್ಲಿ ಮೇ ಸಂಜೆಗೆ ಆಂಧಿ ಎದ್ದರೆ ತಾರಸಿಯ ಬಟ್ಟೆಯೆಲ್ಲ ಮಣ್ಣು. ನಾವು ಬೆಳಿಗ್ಗೆ ಹತ್ತರೊಳಗೆ ತೆಗೆದುಬಿಡುತ್ತೇವೆ, ಈ ಒಣ ಹವೆಗೆ ಮೂರು ಗಂಟೆ ಸಾಕು. ಗಂಜಿ ಕೊರಳಪಟ್ಟಿಗೂ ಕಾಲರಿಗೂ ಮಾತ್ರ, ಅದೂ ಅನ್ನ ಬಸಿದ ತೆಳು ಗಂಜಿ. ಇಡೀ ಅಂಗಿಗೆ ಹಾಕಿದರೆ ಗಾಳಿಯಾಡದೆ ಸೆಕೆ ಹೆಚ್ಚು. ಒಳಗೊಂದು ಹತ್ತಿ ಬನಿಯನ್ ಇದ್ದರೆ ಬೆವರು ಮೊದಲು ಅದಕ್ಕೆ ಹೋಗುತ್ತದೆ, ಅಂಗಿಯ ಆಯಸ್ಸು ಉಳಿಯುತ್ತದೆ.

ಇನ್ನು ಪ್ರೆಸ್‌ವಾಲಾ. ನಮ್ಮ ಗಲ್ಲಿಯಲ್ಲಿ ಬೇವಿನ ಮರದ ಕೆಳಗೆ ಇದ್ದಿಲ ಇಸ್ತ್ರಿ ಇಟ್ಟುಕೊಂಡು ಗಂಡ ಹೆಂಡತಿ ನಿಲ್ಲುತ್ತಾರೆ. 45 ಡಿಗ್ರಿಯಲ್ಲಿ ಕೆಂಡದ ಪೆಟ್ಟಿಗೆ ಹಿಡಿದು ನಿಂತವರ ಮುಂದೆ ನಮ್ಮ ಕೋಟಿನ ಗೋಳು ಹೇಳಿಕೊಳ್ಳಲು ನನಗೆ ನಾಲಿಗೆ ಬರುವುದಿಲ್ಲ. ಕಲೆಯಿದ್ದ ಅಂಗಿ ಕೊಟ್ಟರೆ ಆಕೆ ಹಿಂದಕ್ಕೆ ಕೊಡುತ್ತಾರೆ. “ವಕೀಲ್ ಸಾಬ್, ಪೆಹಲೇ ಧೋ ಕೇ ಲಾವೋ.” ಬಿಸಿ ತಾಗಿದರೆ ಕಲೆ ನೂಲಿನಲ್ಲೇ ಕೂರುತ್ತದೆ ಎಂದು ಆಕೆಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಈಗ ಕಾಲರನ್ನು ಮನೆಯಲ್ಲೇ ಬೆಳಕಿಗೆ ಹಿಡಿದು ನೋಡಿ ಕೊಡುತ್ತೇನೆ.

ಹುಡುಗನ ಮೂರು ಅಂಗಿಗಳಲ್ಲಿ ಎರಡು ತಿರುಗಿ ಬಿಳಿಯಾದವು. ಪಾಲಿಯೆಸ್ಟರ್ ಬೆರೆತ ಮೂರನೆಯದು ಬಗ್ಗಲಿಲ್ಲ, ಕೋಣೆ ಒರೆಸಲು ಹೋಯಿತು. ಜೂನ್ ರಜೆಗೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವ ಮುಂಚೆ ಉಳಿದೆರಡನ್ನು ಹೇಗೆ ಇಡಲಿ ಎಂದು ಕೇಳಿದ. ಗಂಜಿ ಪೂರ್ತಿ ತೊಳೆದು, ನೀಲಿ ಹಾಕದೆ ಒಣಗಿಸಿ, ಪ್ಲಾಸ್ಟಿಕ್ ಕವರಿನಲ್ಲಲ್ಲ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡು ಎಂದೆ. ಗಂಜಿ ಉಳಿದರೆ ಹುಳು ತಿನ್ನುತ್ತದೆ. ಪಂಚೆ ಇಲ್ಲವೆಂದ, ನನ್ನದೇ ಒಂದು ಕೊಟ್ಟೆ.