ತಮ್ಮನದು ನಾಟಕ ಅಂದುಕೊಂಡಿದ್ದೆ

ಕಳೆದ ವರ್ಷ ಬಿ.ಕಾಂ. ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಓದುತ್ತಿದ್ದೆ. ಎರಡನೇ ತರಗತಿಯ ತಮ್ಮ ಬೆಳಿಗ್ಗೆ ಎದ್ದವನೇ ‘ಅಕ್ಕಾ, ಕಾಲು ನೋಯ್ತಿದೆ’ ಎಂದು ಅಳತೊಡಗಿದ. ಹಿಂದಿನ ದಿನ ಆಡುವಾಗ ಬಿದ್ದಿದ್ದನಂತೆ. ‘ಶಾಲೆ ತಪ್ಪಿಸೋಕೆ ನಾಟಕ ಆಡ್ತೀಯಾ?’ ಎಂದು ಗದರಿದೆ. ಉಳುಕಿರಬೇಕೆಂದು ಅಮ್ಮ ಎಣ್ಣೆ ಹಚ್ಚಿ ನೀವಿದರು. ಸಂಜೆಗೆ ಮೈ ಸುಡುತ್ತಿತ್ತು.

ಮರುದಿನ ಊರಿನ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆಸಿದೆವು. ಮೂಳೆ ಮುರಿದಿಲ್ಲ ಎಂದಾಗ ಎಲ್ಲರಿಗೂ ನಿರಾಳ. ಆದರೆ ಮೂರನೇ ದಿನವೂ ಅವನು ಕಾಲು ನೆಲಕ್ಕೆ ಊರಲಿಲ್ಲ. ಮೊಣಕಾಲಿನ ಕೆಳಗೆ ಒಂದು ಜಾಗ ಮುಟ್ಟಿದರೆ ಸಾಕು, ಕಿರುಚುತ್ತಿದ್ದ. ಮೆಚ್ಚಿನ ಕಾರ್ಟೂನ್ ಹಾಕಿದರೂ ಕಣ್ಣೆತ್ತಿ ನೋಡಲಿಲ್ಲ. ನನಗೆ ಭಯವಾಗಿದ್ದು ಆಗಲೇ.

ಅಪ್ಪ ಮತ್ತು ನಾನು ಅವನನ್ನು ಎತ್ತಿಕೊಂಡು ನಗರದ ದೊಡ್ಡ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಮೂಳೆ ವೈದ್ಯರು ಕಾಲನ್ನು ಮೆಲ್ಲಗೆ ಒತ್ತಿ ನೋಡಿ, ‘ಮೂಳೆಯೊಳಗೆ ಸೋಂಕು ಆಗಿರುವಂತಿದೆ’ ಎಂದರು. ಗಾಯವೇ ಇಲ್ಲವಲ್ಲ ಎಂದು ಕೇಳಿದೆ. ಚರ್ಮದ ಮೇಲೆ, ಮೂಗಿನಲ್ಲಿ ಇರುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಸಣ್ಣ ತರಚು ಗಾಯದಿಂದಲೂ ರಕ್ತ ಸೇರಬಹುದಂತೆ. ಮಕ್ಕಳ ಉದ್ದ ಮೂಳೆಗಳ ಬೆಳೆಯುವ ತುದಿಯ ಬಳಿ ರಕ್ತ ನಿಧಾನವಾಗಿ ಹರಿಯುವುದರಿಂದ ಅಲ್ಲೇ ಬೀಡುಬಿಡುತ್ತದಂತೆ. ‘ಎಕ್ಸ್‌ರೇಯಲ್ಲಿ ಮೂಳೆಯ ಬದಲಾವಣೆ ಕಾಣಲು ಸುಮಾರು ಹತ್ತು ದಿನ ಬೇಕು. ಅಲ್ಲಿವರೆಗೆ ಕಾದರೆ ಕೆಟ್ಟಿತು’ ಎಂದರು.

ಸಿಆರ್‌ಪಿ ಪರೀಕ್ಷೆಗೆ, ಕಲ್ಚರ್‌ಗೆ ರಕ್ತ ತೆಗೆದ ಮೇಲೆಯೇ ಆ್ಯಂಟಿಬಯೋಟಿಕ್ ಡ್ರಿಪ್ ಶುರುವಾಯಿತು. ಎಂಆರ್‌ಐ ಮಾಡಿಸಿದಾಗ ಮೂಳೆಯ ಪೊರೆಯ ಕೆಳಗೆ ಕೀವು ತುಂಬಿದ್ದು ಕಂಡಿತು. ಅಂದೇ ರಾತ್ರಿ ಆಪರೇಷನ್ ಮಾಡಿ ಕೀವು ತೆಗೆದರು. ಇನ್ನೂ ತಡವಾಗಿದ್ದರೆ ಸೋಂಕು ಕೀಲಿಗೆ ಹಬ್ಬಬಹುದಿತ್ತು, ಕಾಲಿನ ಬೆಳವಣಿಗೆಯೇ ಕುಂಠಿತವಾಗಬಹುದಿತ್ತು ಎಂದು ಕೇಳಿದಾಗ ನನ್ನ ಗದರಿಕೆ ನೆನಪಾಗಿ ಅಳು ಬಂತು.

ಜ್ವರ ಇಳಿದು, ಸಿಆರ್‌ಪಿ ಕಡಿಮೆಯಾದ ಮೇಲೆ ಮಾತ್ರೆ ಬರೆದು ಮನೆಗೆ ಕಳಿಸಿದರು. ಒಟ್ಟು ನಾಲ್ಕು ವಾರದ ಚಿಕಿತ್ಸೆ. ಎರಡನೇ ವಾರಕ್ಕೇ ನೋವು ಹೋಗಿತ್ತು. ‘ಇನ್ನೂ ಯಾಕೆ ಈ ಮಾತ್ರೆ?’ ಎಂದು ಅಮ್ಮ ಗೊಣಗಿದರು. ನಾನು ಬಿಡಲಿಲ್ಲ. ಮೊಬೈಲ್‌ನಲ್ಲಿ ಅಲಾರಾಂ ಇಟ್ಟು, ಓದಿನ ನಡುವೆ ಎದ್ದು ಹೊತ್ತು ಹೊತ್ತಿಗೆ ನುಂಗಿಸಿದೆ.

ಮನೆಯಲ್ಲಿ ಚಿಕ್ಕ ಮಕ್ಕಳಿರುವ ಅಕ್ಕ, ಅಣ್ಣಂದಿರಿಗೆ ನನ್ನದೊಂದು ಮಾತು. ಮಗುವಿಗೆ ಜ್ವರದ ಜೊತೆ ಕಾಲು ಊರಲಾಗದಷ್ಟು, ಕೈ ಎತ್ತಲಾಗದಷ್ಟು ನೋವಿದ್ದರೆ ಎಣ್ಣೆ ನೀವುತ್ತಾ ಕೂರಬೇಡಿ. ಹಿಂದೆ ಉಳಿದ ಆ್ಯಂಟಿಬಯೋಟಿಕ್ ಕೊಡಬೇಡಿ. ಎಕ್ಸ್‌ರೇ ಸರಿಯಿದೆ ಎಂದು ಸುಮ್ಮನಾಗಬೇಡಿ. ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ತಮ್ಮ ಈಗ ಮತ್ತೆ ಬೀದಿಯಲ್ಲಿ ಕ್ರಿಕೆಟ್ ಆಡುತ್ತಾನೆ. ‘ಅಕ್ಕಾ, ನೋಯ್ತಿದೆ’ ಎಂದರೆ ಮೊದಲು ಮುಟ್ಟಿ ನೋಡುತ್ತೇನೆ. ಗದರುವುದಿದ್ದರೆ ಆಮೇಲೆ.