ಸರ್ಟಿಫಿಕೇಟ್ ಕೈಯಲ್ಲಿತ್ತು, ಮಾನ್ಯತೆ ಇರಲಿಲ್ಲ

ತಲಕಾಡಿನ ಪಂಚಲಿಂಗ ದರ್ಶನ 2013ರಲ್ಲಿ ನಡೆಯಿತು, ಮತ್ತೆ 2020ರಲ್ಲಿ. ಈ ಎರಡು ಜಾತ್ರೆಗಳ ನಡುವೆ ನಲವತ್ತೈದು ಕಿ.ಮೀ. ಆಚೆಯ ಮೈಸೂರಿನಲ್ಲಿ ಒಂದು ವಿಶ್ವವಿದ್ಯಾನಿಲಯ ತನ್ನ ಮಾನ್ಯತೆಯನ್ನು ಕಳೆದುಕೊಂಡು, ಮತ್ತೆ ಪಡೆಯಿತು. ಅಂಕಪಟ್ಟಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರು ಮಾತ್ರ ವಿದ್ಯಾರ್ಥಿಗಳು.

ಶುರುವಾದದ್ದು ಒಳ್ಳೆಯ ಉದ್ದೇಶದಿಂದಲೇ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣ ಆರಂಭಿಸಿತು. ದಿನವೂ ಕಾಲೇಜಿಗೆ ಹೋಗಲಾಗದ ತಿ. ನರಸೀಪುರ, ನಂಜನಗೂಡಿನಂಥ ತಾಲ್ಲೂಕುಗಳ ಹಳ್ಳಿಗರಿಗೆ, ಕೆಲಸ ಮಾಡುತ್ತಲೇ ಓದಬೇಕಿದ್ದವರಿಗೆ ಪದವಿಯ ಬಾಗಿಲು ತೆರೆಯಿತು. 1996ರ ಜೂನ್ 1ರಂದು ಅದೇ ವ್ಯವಸ್ಥೆಯ ಬುನಾದಿಯ ಮೇಲೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಜನರ ಬಾಯಲ್ಲಿ 'ಕರಾಮುವಿ', ತಲೆಯೆತ್ತಿತು.

ಆಮೇಲೆ ಬಂತು ವಿಸ್ತರಣೆಯ ಹುಚ್ಚು. ರಾಜ್ಯದ ಮುಕ್ತ ವಿ.ವಿ.ಯ ವ್ಯಾಪ್ತಿ ರಾಜ್ಯದ ಗಡಿಯೊಳಗೇ ಎಂಬುದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮ. ಆದರೂ ಖಾಸಗಿ ಸಹಭಾಗಿ ಸಂಸ್ಥೆಗಳ ಮೂಲಕ ಹೊರರಾಜ್ಯಗಳಲ್ಲಿ ಪ್ರವೇಶ ಕೊಡಲಾಯಿತು; ತಾಂತ್ರಿಕ ಕೋರ್ಸ್‌ಗಳೂ ಸೇರಿಕೊಂಡವು. ಶುಲ್ಕ ಹರಿದು ಬರುತ್ತಿದ್ದಾಗ ನಿಯಮದ ಪುಟ ತೆರೆಯುವವರು ಯಾರು?

2015ರ ಜೂನ್‌ನಲ್ಲಿ ಯುಜಿಸಿ ಸಾರ್ವಜನಿಕ ಪ್ರಕಟಣೆ ಹೊರಡಿಸಿತು: 2012-13ರ ನಂತರ ಕರಾಮುವಿಗೆ ಮಾನ್ಯತೆ ಇಲ್ಲ. ಗಮನಿಸಿ, ಪ್ರಕಟಣೆ ಬಂದದ್ದು 2015ರಲ್ಲಿ, ಮಾನ್ಯತೆ ನಿಂತದ್ದು ಅದಕ್ಕೂ ಮೊದಲು. ಆ ನಡುವೆ ಶುಲ್ಕ ಕಟ್ಟಿದವರ ಪೈಕಿ ಹೊರರಾಜ್ಯದ ಹೆಸರೂ ಕೇಳದೆ, ಮೈಸೂರಿನ ಮುಕ್ತಗಂಗೋತ್ರಿ ಆವರಣದಲ್ಲೇ ಬಿ.ಎ., ಎಂ.ಎ. ಓದಿದವರೂ ಇದ್ದರು. ಖಾಸಗಿ ಸಂಸ್ಥೆಗಳ ಜೊತೆಗಿನ ಒಡಂಬಡಿಕೆಗೆ ಸಹಿ ಹಾಕಿದ್ದು ಅವರಲ್ಲ. ಆದರೂ ನೌಕರಿ, ಬಡ್ತಿಯ ಅರ್ಜಿಯಲ್ಲಿ ಉತ್ತರ ಹೇಳಬೇಕಾದವರು ಅವರೇ ಆದರು.

ಪ್ರತಿಭಟನೆ, ನ್ಯಾಯಾಲಯ, ವಿಚಾರಣಾ ಸಮಿತಿ ಎಲ್ಲವೂ ಆದವು. 2018ರ ಆಗಸ್ಟ್‌ನಲ್ಲಿ 17 ಕೋರ್ಸ್‌ಗಳಿಗೆ ಮಾನ್ಯತೆ ಮರಳಿತು, ಐದು ವರ್ಷದ ಅವಧಿಗೆ.

ಆದರೆ ಶಿಕ್ಷಣ ಸಂಸ್ಥೆಗಳ ಮೇಲೆ ಕಣ್ಣಿಟ್ಟು ಕಾಯುವವರನ್ನು ಕಾಯುವವರು ಯಾರೆಂಬ ಪ್ರಶ್ನೆ ಉಳಿದೇ ಇತ್ತು. ಕಾಲೇಜುಗಳ ಗುಣಮಟ್ಟ ಅಳೆಯಲು 1994ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡ ನ್ಯಾಕ್‌ನ ತಪಾಸಣಾ ತಂಡವೇ, 2025ರ ಫೆಬ್ರವರಿಯಲ್ಲಿ ಆಂಧ್ರದ ಶಿಕ್ಷಣ ಸಂಸ್ಥೆಯೊಂದಕ್ಕೆ ಒಳ್ಳೆಯ ಶ್ರೇಣಿ ಕೊಡಲು ಲಂಚ ಪಡೆದ ಆರೋಪದಲ್ಲಿ ಸಿಬಿಐ ಬಲೆಗೆ ಬಿತ್ತು.

ಈಗ ದೂರಶಿಕ್ಷಣಕ್ಕೆ ಸೇರುವವರು ಯುಜಿಸಿಯ 'ಡೆಬ್ ಐಡಿ' ಎಂಬ ಗುರುತಿನ ಸಂಖ್ಯೆ ಪಡೆಯುವುದು ಕಡ್ಡಾಯ. ಆದರೂ ಶುಲ್ಕ ಕಟ್ಟುವ ಮೊದಲು ಯುಜಿಸಿ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ವಿ.ವಿ.ಯ ಹೆಸರನ್ನಷ್ಟೇ ನೋಡಿ ಸುಮ್ಮನಾಗಬೇಡಿ. ನಿಮ್ಮ ಕೋರ್ಸ್, ನೀವು ಸೇರುವ ವರ್ಷ ಎರಡೂ ಇವೆಯೇ ಎಂದು ನೋಡಿಕೊಳ್ಳಿ.