ಕೈ ಮಾತಾಡಿದರೆ ಬಾಯಿ ಸುಮ್ಮನಾಗುತ್ತದೆಯೇ?

ಎರಡು ತುಂಬಿದ ಮಗು ‘ಅಮ್ಮ’, ‘ತಾತ’ ಬಿಟ್ಟು ಬೇರೇನೂ ಆಡದಿದ್ದರೆ ಹನೂರು ಬಳಿಯ ಕೌದಳ್ಳಿಯಂಥ ಊರಿನಲ್ಲಿ ಮೊದಲು ಸಿಗುವ ಸಲಹೆ ‘ಕಾಯಿರಿ’ ಎಂಬುದು. ಅವರಪ್ಪನಿಗೂ ತಡವಾಗಿಯೇ ಮಾತು ಬಂದದ್ದು ಎನ್ನುತ್ತಾರೆ, ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ಮಾದಪ್ಪನಿಗೆ ಹರಕೆ ಹೊರುತ್ತಾರೆ. ಹರಕೆಯ ತಂಟೆಗೆ ವಿಜ್ಞಾನ ಹೋಗಬೇಕಾಗಿಲ್ಲ. ಆದರೆ ಅದರ ಬೆನ್ನಿಗೇ ಬರುವ ಇನ್ನೊಂದು ಸಲಹೆಯನ್ನು ಪ್ರಶ್ನಿಸಲೇಬೇಕು: ಕೈ ತೋರಿಸಿ ಕೇಳಿದರೆ ಕೊಡಬೇಡಿ, ಬಾಯಿಬಿಟ್ಟು ಕೇಳಲಿ, ಸನ್ನೆ ರೂಢಿಯಾದರೆ ನಾಲಿಗೆ ಸೋಮಾರಿಯಾಗುತ್ತದೆ. ಓದಿದವರ ಮನೆಗಳಲ್ಲೂ ಈ ನಂಬಿಕೆ ಇದೆ. ಸಿಕ್ಕಿರುವ ಪುರಾವೆ ಮಾತ್ರ ಇದಕ್ಕೆ ನೇರ ಎದುರು ನಿಂತಿದೆ.

ಮಾತಾಡಲು ಉಸಿರು, ಗಂಟಲು, ನಾಲಿಗೆ, ತುಟಿ ಎಲ್ಲವೂ ಕ್ಷಣಮಾತ್ರದಲ್ಲಿ ಹೊಂದಿಕೊಳ್ಳಬೇಕು. ಬೆರಳು ಚಾಚಿ ತೋರಿಸಲು ಅಷ್ಟು ನಯವಾದ ಹತೋಟಿ ಬೇಡ. ಹಾಗಾಗಿ ಸಾಮಾನ್ಯವಾಗಿ ಮಕ್ಕಳಲ್ಲಿ ಕೈ ಮೊದಲು, ಬಾಯಿ ಆಮೇಲೆ. ಅಮೆರಿಕದ ಐವರ್ಸನ್ ಮತ್ತು ಗೋಲ್ಡಿನ್-ಮೆಡೋ 2005ರಲ್ಲಿ ಹತ್ತು ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ಮಗು ಯಾವ ವಸ್ತುವನ್ನು ಮೊದಲು ಸನ್ನೆಯಲ್ಲಿ ತೋರಿಸಿತ್ತೋ, ಹೆಚ್ಚಾಗಿ ಅದರ ಹೆಸರೇ ಮುಂದೆ ಮಗುವಿನ ಬಾಯಲ್ಲಿ ಬಂತು. ಒಂದು ಸನ್ನೆಗೆ ಬೇರೊಂದು ಪದ ಕೂಡಿಸಲು ಬೇಗ ಕಲಿತ ಮಕ್ಕಳು ಎರಡು ಪದದ ಮಾತನ್ನೂ ಬೇಗ ಆಡಿದರು. ಬೆಳವಣಿಗೆಯ ತೊಂದರೆ ಇರುವವರ ವಿಷಯದಲ್ಲಿ ಮಿಲರ್ ಮತ್ತು ಸಂಗಡಿಗರು 2006ರಲ್ಲಿ ಹಳೆಯ ಅಧ್ಯಯನಗಳನ್ನು ಜರಡಿ ಹಿಡಿದರು. ಕೈಸನ್ನೆ, ಚಿತ್ರಪಟ ಮುಂತಾದವನ್ನು ಕಲಿಸಿದವರ ಪೈಕಿ ನಂಬಬಹುದಾದ ದಾಖಲೆ ಉಳಿದದ್ದು 27 ಜನರದ್ದು. ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಶೇ 89ರಷ್ಟು ಮಂದಿಯಲ್ಲಿ ಹೆಚ್ಚಿತ್ತು. ಸಂಖ್ಯೆ ಸಣ್ಣದು, ಹಲವರ ಪ್ರಗತಿಯೂ ಅಲ್ಪವೇ. ತೊಂದರೆಯಿಲ್ಲದ ಕೂಸಿಗೆ ಸನ್ನೆ ಕಲಿಸಿದರೆ ಬೇಗ ಮಾತು ಬರುತ್ತದೆ ಎಂದು ಮಾರಾಟ ಮಾಡುವವರಿಗಂತೂ ಇಲ್ಲಿ ಆಧಾರವಿಲ್ಲ. ಆದರೆ ಸನ್ನೆ ಮಾತನ್ನು ಕೊಲ್ಲುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ.

ಕಾಯುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಬೇರೇನೂ ಕೊರತೆಯಿಲ್ಲದೆ ಮಾತು ಮಾತ್ರ ತಡವಾದ ಮಕ್ಕಳಲ್ಲಿ ಅನೇಕರು ಶಾಲೆಗೆ ಹೋಗುವ ವೇಳೆಗೆ ಓರಗೆಯವರನ್ನು ಹಿಡಿಯುತ್ತಾರೆ. ಯಾವ ಮಗು ಹಿಡಿದೀತು ಎಂಬುದನ್ನು ಎರಡು ವರ್ಷಕ್ಕೇ ಖಚಿತವಾಗಿ ಹೇಳಲಾಗದು. ಆದರೆ ಹೇಳಿದ್ದು ಅರ್ಥವಾಗುವ, ಬೆರಳು ತೋರಿಸಿ ಕೇಳುವ ಮಗುವಿನ ಮೇಲೆ ಭರವಸೆ ಹೆಚ್ಚು. ಹೆಸರು ಕೂಗಿದರೂ ತಿರುಗದ, ಏನನ್ನೂ ತೋರಿಸದ ಮಗುವಿನದು ಬೇರೆ ಕತೆ. ಸನ್ನೆಯನ್ನು ತಡೆದರೆ ಈ ಗುರುತೂ ಕಳೆದುಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಆಗಬೇಕಾದ್ದು ಕಿವಿ ಪರೀಕ್ಷೆ. ತಟ್ಟೆ ಬಡಿದಾಗ ತಿರುಗಿತು ಎಂಬುದು ಪರೀಕ್ಷೆಯಲ್ಲ. ತಟ್ಟೆಯ ಸದ್ದು ಕೇಳಿಯೂ ‘ಸ’, ‘ಶ’ಗಳಂಥ ಮೆಲುದನಿ ಕೇಳದ ಮಕ್ಕಳಿದ್ದಾರೆ. ಪದೇ ಪದೇ ಕಿವಿ ಸೋರಿದರೂ ಕೇಳುವಿಕೆ ಮಂಕಾಗುತ್ತದೆ. ನಿದ್ದೆಯಲ್ಲಿರುವಾಗಲೇ, ಸದ್ದಿಗೆ ಮಿದುಳು ಸ್ಪಂದಿಸುವುದನ್ನು ಅಳೆಯುವ ಬೆರಾದಂಥ (BERA) ಪರೀಕ್ಷೆ ಮಾಡಬಹುದು, ಮಗು ಉತ್ತರ ಕೊಡಬೇಕಾಗಿಲ್ಲ. ಕಿವುಡು ಎಂದು ಗೊತ್ತಾದರೆ ಹತ್ತಿಪ್ಪತ್ತು ಸನ್ನೆ ಸಾಲದು. ಶ್ರವಣ ಸಾಧನವೋ ಕಾಕ್ಲಿಯರ್ ಇಂಪ್ಲಾಂಟೋ ಆಗುವವರೆಗೂ, ಆದ ಮೇಲೂ, ಮಿದುಳಿಗೆ ಪೂರ್ತಿ ಭಾಷೆಯೊಂದು ಬೇಕು. ತನ್ನದೇ ವ್ಯಾಕರಣವಿರುವ ಭಾರತೀಯ ಸನ್ನೆ ಭಾಷೆ ಅಂಥದ್ದು. ಅದಕ್ಕೆಂದೇ ದೆಹಲಿಯಲ್ಲಿ 2015ರಿಂದ ಕೇಂದ್ರ ಸರ್ಕಾರದ ಸಂಸ್ಥೆಯಿದೆ.

ಇನ್ನು ಮಾತು ತಡವಾದ ಮಗುವಿಗೆ ಮಾತಿನ ಥೆರಪಿ ಬಿಟ್ಟು ಸನ್ನೆಯೇ ಎಂದಲ್ಲ, ಥೆರಪಿಯ ಭಾಗವಾಗಿ ಸನ್ನೆ. ಆ ಥೆರಪಿ ಸಿಗುವ, 1965ರಲ್ಲಿ ಆರಂಭವಾಗಿ ಈಗ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕೌದಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ. ಕೂಲಿ ಬಿಟ್ಟು, ಮಗುವನ್ನೆತ್ತಿಕೊಂಡು, ಹನೂರು, ಕೊಳ್ಳೇಗಾಲ ದಾಟಿ ವಾರವಾರ ಹೋಗಿಬರುವುದು ಎಷ್ಟು ಮನೆಗೆ ಸಾಧ್ಯ? ಹೋದರೂ ಅಲ್ಲಿ ಸಿಗುವುದು ಅರ್ಧ ಮುಕ್ಕಾಲು ಗಂಟೆ, ಉಳಿದದ್ದೆಲ್ಲ ಮನೆಯಲ್ಲೇ ನಡೆಯಬೇಕು. ಅನ್ನ, ನೀರು, ಇನ್ನೂ ಬೇಕು, ಸಾಕು, ಎತ್ತಿಕೋ ಎಂಬಂಥ ದಿನಬಳಕೆಯ ಮಾತುಗಳಿಗೆ ಒಂದೊಂದು ಸನ್ನೆ ಗೊತ್ತುಮಾಡಿಕೊಂಡು, ಸನ್ನೆ ಮಾಡುವಾಗಲೆಲ್ಲ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ಬಾಯಿ ಮುಚ್ಚಿಕೊಂಡು ಕೈಯಾಡಿಸಿದರೆ ಮಾತು ಕೇಳದ ಮಗು ಮಾತು ಕಲಿಯುವುದೆಲ್ಲಿಂದ? ಮಗು ಮಾಡಿದ ಸನ್ನೆ ಸೊಟ್ಟಗಿದ್ದರೂ ಕೇಳಿದ್ದನ್ನು ಕೂಡಲೇ ಕೊಡಬೇಕು. ಬೇಕಾದ್ದು ಸಿಕ್ಕಿತೆಂಬ ಅನುಭವವೇ ಮುಂದಿನ ಪ್ರಯತ್ನಕ್ಕೆ ಹುರುಪು. ತಿಳಿಸಲಾಗದೆ ನೆಲಕ್ಕೆ ಬಿದ್ದು ಹೊರಳಾಡುವ ರಂಪವೂ ಇಳಿದೀತು. ನೆರೆಯವರು ‘ಮೂಗ’ ಎಂದಾರು ಎಂಬ ಅಳುಕು ಸುಳ್ಳಲ್ಲ, ಆದರೆ ಪದ ಬಂದಂತೆಲ್ಲ ಸನ್ನೆ ತಾನಾಗಿ ಹಿಂದೆ ಸರಿಯುತ್ತದೆ. ಬಾಯಿ ಕೈಗಿಂತ ಬೇಗ, ಕತ್ತಲಲ್ಲೂ ಕೆಲಸ ಮಾಡುತ್ತದೆ. ಕನ್ನಡ, ತಮಿಳು, ಉರ್ದು ಬೆರೆತ ಈ ಗಡಿ ಸೀಮೆಯಲ್ಲಿ ಮನೆಮಾತನ್ನು ಬಿಡಿಸಬೇಕಾದ ಅಗತ್ಯವೂ ಇಲ್ಲ; ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕು. ಮಾತು ತಡವಾಗುವುದು, ಕಿವಿ ಕೇಳದಿರುವುದು ಎರಡೂ ಅದರ ಪಟ್ಟಿಯಲ್ಲಿವೆ. ಒಂದು ಭೇಟಿ ತಪ್ಪಿದರೆ ಆರು ತಿಂಗಳು ಹೋಯಿತು, ಎರಡು ವರ್ಷದ ಮಗುವಿಗೆ ಅದು ಬದುಕಿನ ಕಾಲುಭಾಗ. ತಂಡದ ದಾರಿ ಕಾಯದೆ ಆಶಾ ಕಾರ್ಯಕರ್ತೆಯ ಮೂಲಕ ಕಿವಿ ಪರೀಕ್ಷೆಗೆ ಚೀಟಿ ಬರೆಸಿಕೊಳ್ಳಬಹುದು. ಸನ್ನೆ ಶುರುಮಾಡಲು ಯಾವ ಚೀಟಿಯೂ ಬೇಡ.